ಮಂಡಿ ಆಡಿಸುವ ಸ್ನಾಯುಗಳು: ಪಟ್ಟಿ ಬಾಯಿಗೆ ಬಂದಿದೆ, ಕಾಲ ಮೇಲೆ ತೋರಿಸೋಕೆ ಬರ್ತಿಲ್ಲ

ಬೆಣ್ಣೆದೋಸೆ_ಬಿಪಿಟಿ (ದಾವಣಗೆರೆ):

ಎಲ್ಲರಿಗೂ ನಮಸ್ಕಾರ. ಬಿಪಿಟಿ (ಫಿಸಿಯೋಥೆರಪಿ ಪದವಿ) ಮೊದಲ ವರ್ಷ, ಮುಂದಿನ ವಾರ ಕಾಲಿನ ಅನಾಟಮಿ ವೈವಾ (ಬಾಯಿ ಪರೀಕ್ಷೆ). ಮಂಡಿಯ ಸ್ನಾಯುಗಳ ಹುಟ್ಟುವ ಜಾಗ, ಸೇರುವ ಜಾಗ, ನರ, ಕೆಲಸ ಅಂತ ನಾಲ್ಕು ಕಾಲಂ ಹಾಕಿ ಉರು ಹೊಡೆದಾಗಿದೆ. ಆದರೆ ‘ನಿನ್ನ ಕಾಲ ಮೇಲೇ ತೋರಿಸು’ ಅಂದ್ರೆ ಕೈ ಓಡಲ್ಲ. ಗೊಂದಲಗಳು ಇವು:

ಹ್ಯಾಮ್‌ಸ್ಟ್ರಿಂಗ್ (ತೊಡೆ ಹಿಂಭಾಗದ ಸ್ನಾಯುಗಳು) ಮೂರೋ ನಾಲ್ಕೋ? ಒಬ್ಬರು ಬೈಸೆಪ್ಸ್ ಫಿಮೋರಿಸ್‌ನ ಎರಡೂ ತಲೆ (ಹುಟ್ಟುವ ಕವಲು) ಸೇರಿಸ್ತಾರೆ, ಇನ್ನೊಬ್ಬರು ಗಿಡ್ಡ ತಲೆ ಬಿಡ್ತಾರೆ, ಮತ್ತೊಬ್ಬರು ಅಡಕ್ಟರ್ ಮ್ಯಾಗ್ನಸ್‌ನ ಒಂದು ತುಂಡನ್ನೂ ತಂದು ಸೇರಿಸ್ತಾರೆ.

ಸಾರ್ಟೋರಿಯಸ್ ತೊಡೆಯ ಮುಂದಿದೆ, ನರವೂ ಫಿಮೋರಲ್. ಮತ್ತೆ ಅದು ಮಂಡಿ ಮಡಚೋದು ಹೇಗೆ?

ಪೊಪ್ಲೀಟಿಯಸ್ ಮಂಡಿಯ ಬೀಗ ತೆಗೆಯುತ್ತೆ ಅಂತಾರೆ. ಟಿಬಿಯಾ (ಮಂಡಿ ಕೆಳಗಿನ ದೊಡ್ಡ ಎಲುಬು) ಒಳಕ್ಕೆ ತಿರುಗುತ್ತೆ ಅಂತ ಒಂದು ಕಡೆ, ಫೀಮರ್ (ತೊಡೆ ಎಲುಬು) ಹೊರಕ್ಕೆ ತಿರುಗುತ್ತೆ ಅಂತ ಇನ್ನೊಂದು ಕಡೆ. ಯಾವುದು ಸರಿ?

ಮಂಡಿ ಹಿಂದೆ ಕೈಯಿಟ್ಟರೆ ಒಳಗಡೆ ಎರಡು ಹಗ್ಗ, ಹೊರಗಡೆ ಒಂದು ಹಗ್ಗ ಸಿಗುತ್ತೆ. ಯಾವುದಕ್ಕೆ ಯಾವ ಹೆಸರು?

ಕೊನೇದು ವೈವಾದ್ದಲ್ಲ. ದುರ್ಗದ ಕೋಟೆ ಹತ್ತುವಾಗ ಬರದ ನಡುಕ ಇಳಿಯುವಾಗ ತೊಡೆಗೆ ಬರುತ್ತಲ್ಲ, ಅದು ಯಾವ ಸ್ನಾಯುವಿನದು?


ಟೇಬಲ್_ನಂಬರ್_4:

ಮೊದಲು ಆ ನಾಲ್ಕು ಕಾಲಂ ಪಕ್ಕಕ್ಕಿಡಿ. ಸ್ವೆಟರ್ ಹೆಣೆಯುವ ಉದ್ದ ಕಡ್ಡಿಯೊಂದನ್ನು ಮಂಡಿಯ ಹೊರಗಿನಿಂದ ಒಳಗಿನವರೆಗೆ, ಫೀಮರ್‌ನ ಎರಡು ಗುಬುಟುಗಳ ಮೂಲಕ ಅಡ್ಡಲಾಗಿ ಚುಚ್ಚಿದ ಹಾಗೆ ಊಹಿಸಿಕೊಳ್ಳಿ. ಅದೇ ಮಂಡಿ ಮಡಚಿ ಬಿಚ್ಚುವ ಅಕ್ಷ. (ಮಂಡಿ ಮಡಚುತ್ತಾ ಹೋದ ಹಾಗೆ ಅಕ್ಷವೂ ಸ್ವಲ್ಪ ಜರುಗುತ್ತದೆ. ವೈವಾಕ್ಕೆ ಅಷ್ಟು ಬೇಡ.) ಈಗ ಪ್ರತಿ ಸ್ನಾಯುವಿಗೂ ಒಂದೇ ಪ್ರಶ್ನೆ ಕೇಳಿ: ಇದರ ರಜ್ಜು (ಸ್ನಾಯುವನ್ನು ಎಲುಬಿಗೆ ಕಟ್ಟುವ ತುದಿ) ಆ ಕಡ್ಡಿಯ ಮುಂದೆ ಹಾದುಹೋಗುತ್ತದೋ ಹಿಂದೆಯೋ? ಮುಂದೆ ಹೋದರೆ ಕಾಲು ನೀಟಾಗುತ್ತದೆ, ಹಿಂದೆ ಹೋದರೆ ಮಡಚುತ್ತದೆ. ಹಿಂದೆ ಹೋಗಿ ಒಳಪಕ್ಕಕ್ಕೆ ಅಂಟಿಕೊಂಡರೆ ಮೊಣಕಾಲ ಕೆಳಗಿನ ಭಾಗವನ್ನು ಒಳಕ್ಕೆ ತಿರುಗಿಸುತ್ತದೆ, ಹೊರಪಕ್ಕಕ್ಕೆ ಅಂಟಿಕೊಂಡರೆ ಹೊರಕ್ಕೆ. ಸ್ನಾಯುವಿನ ಹೊಟ್ಟೆ ತೊಡೆಯ ಯಾವ ಕಡೆ ಇದೆ ಅನ್ನುವುದು ಮುಖ್ಯವಲ್ಲ, ಮಂಡಿ ದಾಟುವಾಗ ಅದು ಎಲ್ಲಿರುತ್ತದೆ ಅನ್ನುವುದೇ ಮುಖ್ಯ.

ಸಾರ್ಟೋರಿಯಸ್ ಪ್ರಶ್ನೆಗೆ ಇಲ್ಲೇ ಉತ್ತರವಿದೆ. ಸೊಂಟದೆಲುಬಿನ ಮುಂದಿನ ಮೇಲಿನ ಮೊನೆಯಲ್ಲಿ ಹುಟ್ಟಿ, ತೊಡೆಯನ್ನು ಓರೆಯಾಗಿ ದಾಟಿ ಒಳಕ್ಕೆ ಬಂದು, ಮಂಡಿ ಮಟ್ಟಕ್ಕೆ ಬರುವ ಹೊತ್ತಿಗೆ ಕಡ್ಡಿಯ ಹಿಂದೆ ಸರಿದಿರುತ್ತದೆ. ಆಮೇಲೆ ಮುಂದಕ್ಕೆ ಬಾಗಿ ಟಿಬಿಯಾದ ಒಳಮುಖದ ಮೇಲ್ಭಾಗಕ್ಕೆ ಅಂಟುತ್ತದೆ. ಹಾಗಾಗಿ ನರ ಫಿಮೋರಲ್ ಆದರೂ ಮಂಡಿ ಮಡಚುವ ಗುಂಪಿಗೇ ಸೇರಬೇಕು. ಚಕ್ಕಳಮಕ್ಕಳ ಹಾಕಿ ಕೂರುವಾಗ ಆಗುವುದೆಲ್ಲಾ ಅದರ ಕೆಲಸ: ತೊಡೆಸಂದಿ ಮಡಚುತ್ತೆ, ತೊಡೆ ಅಗಲವಾಗುತ್ತೆ, ಹೊರಕ್ಕೆ ತಿರುಗುತ್ತೆ, ಮಂಡಿ ಮಡಚುತ್ತೆ.

ಕಡ್ಡಿಯ ಮುಂದೆ ಇರುವುದು ಹೆಚ್ಚುಕಮ್ಮಿ ಒಂದೇ ಗುಂಪು, ಕ್ವಾಡ್ರಿಸೆಪ್ಸ್. ರೆಕ್ಟಸ್ ಫಿಮೋರಿಸ್, ವಾಸ್ಟಸ್ ಲ್ಯಾಟರಾಲಿಸ್, ವಾಸ್ಟಸ್ ಮೀಡಿಯಾಲಿಸ್, ಇವುಗಳ ಅಡಿಯಲ್ಲಿ ಅಡಗಿದ ವಾಸ್ಟಸ್ ಇಂಟರ್‌ಮೀಡಿಯಸ್. ನಾಲ್ಕೂ ಸೇರಿ ಒಂದೇ ರಜ್ಜುವಾಗಿ ಮಂಡಿಚಿಪ್ಪಿಗೆ ಬರುತ್ತವೆ, ಚಿಪ್ಪಿನಿಂದ ಪಟೆಲ್ಲಾರ್ ಲಿಗಮೆಂಟ್ ಮೂಲಕ ಟಿಬಿಯಾದ ಮುಂಗುಬುಟಿಗೆ. ನರ ಫಿಮೋರಲ್, ಸೊಂಟದ 2, 3, 4ನೇ ಮೂಲ. ನಾಲ್ವರಲ್ಲಿ ರೆಕ್ಟಸ್ ಒಂದೇ ತೊಡೆಸಂದಿಯನ್ನೂ ದಾಟುವುದು. ಉಳಿದ ಮೂರು ಫೀಮರ್‌ನಲ್ಲೇ ಹುಟ್ಟುತ್ತವೆ, ಅವಕ್ಕೆ ಸೊಂಟ ಹೇಗಿದ್ದರೂ ಒಂದೇ.

ಮಂಡಿಚಿಪ್ಪು ಯಾಕೆ ಬೇಕು ಅಂತ ಕೇಳಿಯೇ ಕೇಳುತ್ತಾರೆ. ರಜ್ಜುವನ್ನು ಅದು ಅಕ್ಷದಿಂದ ಮುಂದಕ್ಕೆ ಎತ್ತಿ ಹಿಡಿಯುತ್ತದೆ. ಹಾರೆ ಹಾಕಿ ಕಲ್ಲು ಮೀಟುವಾಗ ಹಿಡಿ ಉದ್ದವಿದ್ದಷ್ಟೂ ಕಡಿಮೆ ಬಲ ಸಾಕಲ್ಲ, ಹಾಗೆ. ಚಿಪ್ಪು ತೆಗೆದರೆ ಅಷ್ಟೇ ಕೆಲಸಕ್ಕೆ ಕ್ವಾಡ್ರಿಸೆಪ್ಸ್ ಹೆಚ್ಚು ಎಳೆಯಬೇಕಾಗುತ್ತದೆ.

ಕಡ್ಡಿಯ ಹಿಂದೆ ಜನ ಜಾಸ್ತಿ. ಒಳಪಕ್ಕದಲ್ಲಿ ಸೆಮಿಟೆಂಡಿನೋಸಸ್, ಸೆಮಿಮೆಂಬ್ರನೋಸಸ್, ಗ್ರಾಸಿಲಿಸ್, ಸಾರ್ಟೋರಿಯಸ್. ಹೊರಪಕ್ಕದಲ್ಲಿ ಬೈಸೆಪ್ಸ್ ಫಿಮೋರಿಸ್. ಆಳದಲ್ಲಿ ಪೊಪ್ಲೀಟಿಯಸ್. ಕೆಳಗಿನಿಂದ ಬಂದು ಫೀಮರ್ ಹಿಡಿದಿರುವುದು ಮೀನಖಂಡದ ಗ್ಯಾಸ್ಟ್ರೋಕ್ನೀಮಿಯಸ್‌ನ ಎರಡು ತಲೆಗಳು ಮತ್ತು ಬಡಪಾಯಿ ಪ್ಲಾಂಟಾರಿಸ್. ಅದರ ಅಡಿಯ ಸೋಲಿಯಸ್ ಟಿಬಿಯಾ ಮತ್ತು ಅದರ ಪಕ್ಕದ ತೆಳ್ಳನೆಯ ಎಲುಬು ಫಿಬ್ಯುಲಾದಲ್ಲೇ ಹುಟ್ಟುತ್ತದೆ, ಮಂಡಿ ದಾಟುವುದಿಲ್ಲ, ಅದಕ್ಕೇ ಪಟ್ಟಿಯಲ್ಲಿಲ್ಲ.

ಎಣಿಸಿ ನೋಡಿ: ಒಳಕ್ಕೆ ತಿರುಗಿಸಲು ಪೊಪ್ಲೀಟಿಯಸ್ ಸೇರಿ ಐವರು, ಹೊರಕ್ಕೆ ತಿರುಗಿಸಲು ಬೈಸೆಪ್ಸ್ ಬಹುಮಟ್ಟಿಗೆ ಒಬ್ಬಂಟಿ. ಹೀಗೆ ಬೇಕೆಂದೇ ತಿರುಗಿಸುವುದು ಮಂಡಿ ಮಡಚಿದಾಗ ಮಾತ್ರ ಸಾಧ್ಯ. 90 ಡಿಗ್ರಿಯಲ್ಲಿ ಒಳಕ್ಕೆ ಸುಮಾರು 30, ಹೊರಕ್ಕೆ ಸುಮಾರು 40 ಡಿಗ್ರಿ ಸಿಗುತ್ತದೆ.

ಟೆನ್ಸರ್ ಫೇಶಿಯಾ ಲೇಟಾ ಮತ್ತು ಗ್ಲೂಟಿಯಸ್ ಮ್ಯಾಕ್ಸಿಮಸ್ ಇಲಿಯೋಟಿಬಿಯಲ್ ಪಟ್ಟಿಯ ಮೂಲಕ ಟಿಬಿಯಾದ ಹೊರಮುಂಭಾಗವನ್ನು ಹಿಡಿದಿವೆ. ಮಂಡಿ ನೇರ ಇದ್ದಾಗ ಈ ಪಟ್ಟಿ ಅಕ್ಷದ ಮುಂದೆ, ಸುಮಾರು 30 ಡಿಗ್ರಿ ಮಡಚಿದ ಮೇಲೆ ಹಿಂದೆ. ಅಂದರೆ ಒಂದೇ ಪಟ್ಟಿ ಒಮ್ಮೆ ನೀಟಾಗಿಸಲು, ಒಮ್ಮೆ ಮಡಚಲು ನೆರವಾಗುತ್ತದೆ. ಉರು ಹೊಡೆದ ಕಾಲಂ ಇಂಥ ಕಡೆ ಕೈಕೊಡುತ್ತದೆ.


ಗರಡಿ_ಫಿಸಿಯೋ (ದಾವಣಗೆರೆ):

ಮೇಲಿನವರು ಹೇಳಿದ್ದು ಸರಿ ಐತಿ. ಕೈಗೆ ಸಿಗೋದು ಹೆಂಗೆ ಅಂತ ನಾನು ಬರೀತೀನಿ. ಚಡ್ಡಿ ಹಾಕ್ಕೊಂಡು ಮಂಚದ ಅಂಚಿಗೆ ಕೂತ್ಕೊಳ್ರಿ, ಮಂಡಿ 90 ಡಿಗ್ರಿ, ಪಾದ ನೆಲಕ್ಕೆ. ಹಿಮ್ಮಡಿಯನ್ನ ಮಂಚದ ಕಾಲಿಗೆ ಹಿಂದಕ್ಕೆ ಒತ್ತಿ ಹಿಡೀರಿ. ಕಾಲು ಅಲ್ಲಾಡಬಾರದು, ಬಲ ಮಾತ್ರ ಬೀಳಬೇಕು. ಈಗ ಎರಡೂ ಕೈ ಮಂಡಿ ಹಿಂದಕ್ಕೆ.

ಹೊರಗಡೆ ಸಿಗೋ ದಪ್ಪ ಹಗ್ಗ ಬೈಸೆಪ್ಸ್. ಬೆರಳಲ್ಲಿ ಕೆಳಕ್ಕೆ ಹಿಂಬಾಲಿಸಿದ್ರೆ ನೇರ ಒಂದು ಗುಂಡನೆ ಎಲುಬಿಗೆ ಹೋಗಿ ಮುಟ್ಟುತ್ತೆ, ಅದೇ ಫಿಬ್ಯುಲಾ ತಲೆ. ಪಾದ ನೆಲದ ಮೇಲೇ ಇಟ್ಟು ಬೆರಳುಗಳನ್ನ ಹೊರಕ್ಕೆ ತಿರುಗಿಸಿ ಒತ್ತಿದ್ರೆ ಹಗ್ಗ ಇನ್ನೂ ಎದ್ದು ನಿಲ್ಲುತ್ತೆ.

ಒಳಗಡೆ ಎರಡು ಹಗ್ಗದಲ್ಲಿ ಮಂಡಿಕುಳಿಯ ನಡುವಿಗೆ ಹತ್ತಿರ ಇರೋದು, ತೆಳ್ಳಗೆ ತಂತಿ ಥರ ಎದ್ದು ನಿಲ್ಲೋದು ಸೆಮಿಟೆಂಡಿನೋಸಸ್. ಅದಕ್ಕಿಂತ ಒಳಕ್ಕೆ, ಸ್ವಲ್ಪ ಮುಂದಕ್ಕೆ ಸಿಗೋದು ಗ್ರಾಸಿಲಿಸ್. ಸೆಮಿಮೆಂಬ್ರನೋಸಸ್ ಹಗ್ಗದ ಥರ ಸಿಗಲ್ಲ. ಸೆಮಿಟೆಂಡಿನೋಸಸ್‌ನ ಎರಡೂ ಪಕ್ಕಕ್ಕೆ ಬೆರಳು ಇಳಿಸಿದ್ರೆ ಆಳದಲ್ಲಿ ಗಟ್ಟಿ ಮಾಂಸ ಉಬ್ಬುತ್ತಲ್ಲ, ಅದು. ಇಲ್ಲೇ ಹುಡುಗರು ತಪ್ಪೋದು. ಒಳಗಡೆ ಎರಡು ಹಗ್ಗ ಅಂದ್ರೆ ಎರಡು ಸೆಮಿಗಳು ಅಂತ ಹೇಳಿಬಿಡ್ತಾರೆ. ಕಾಲ್ಬೆರಳು ಒಳಕ್ಕೆ ತಿರುಗಿಸಿ ಒತ್ತಿದ್ರೆ ಎರಡೂ ಬಿಗಿಯುತ್ತೆ, ಬೇರೆ ಮಾಡೋಕೆ ಅದು ಸಾಲಲ್ಲ. ಎರಡು ಮಂಡಿ ನಡುವೆ ದಿಂಬು ಇಟ್ಟು ಹಿಸುಕ್ರಿ. ಗ್ರಾಸಿಲಿಸ್ ತೊಡೆ ಒಳಕ್ಕೆ ಸೆಳೆಯೋ ಗುಂಪಿನದು, ಅದು ಎದ್ದು ಬರುತ್ತೆ.

ಒಂದು ಎಚ್ಚರಿಕೆ. ಬೈಸೆಪ್ಸ್ ರಜ್ಜುವಿನ ಒಳ ಅಂಚಿಗೆ ಅಂಟಿಕೊಂಡೇ ಕಾಮನ್ ಫಿಬ್ಯುಲಾರ್ ನರ ಬರುತ್ತೆ, ಆಮೇಲೆ ಫಿಬ್ಯುಲಾದ ಕುತ್ತಿಗೆ ಸುತ್ತಿ ಮುಂದಕ್ಕೆ ಹೋಗುತ್ತೆ. ಅಲ್ಲಿ ಚರ್ಮ ಬಿಟ್ರೆ ಎಲುಬು, ನಡುವೆ ಆ ನರ. ಬೆರಳಲ್ಲಿ ಉರುಳಿಸಿ ನೋಡಬಹುದು, ಒತ್ತಿ ಹಿಡೀಬಾರದು. ಪ್ಲಾಸ್ಟರ್ ಅಂಚು, ಬಿಗಿ ಪಟ್ಟಿ, ತಾಸುಗಟ್ಟಲೆ ಕುಕ್ಕರಗಾಲಲ್ಲಿ ಕೂರೋದು, ಇವೆಲ್ಲ ಅಲ್ಲೇ ನರ ಅದುಮಿ ಪಾದ ಜೋತು ಬೀಳೋ ಹಂಗೆ ಮಾಡ್ತಾವೆ.

ಮುಂದಿನದು ಸುಲಭ. ಕಾಲು ಚಾಚಿ ಮಂಡಿ ಬಿಗಿ ಹಿಡೀರಿ. ಚಿಪ್ಪಿನ ಒಳಮೇಲೆ ಹನಿ ಆಕಾರದ ಉಬ್ಬು ವಾಸ್ಟಸ್ ಮೀಡಿಯಾಲಿಸ್. ಹೊರಗಿನ ಲ್ಯಾಟರಾಲಿಸ್ ದೊಡ್ಡದಾದ್ರೂ ಅದರ ಮಾಂಸ ಅಷ್ಟು ಕೆಳಕ್ಕೆ ಬರಲ್ಲ. ಬಿಗಿ ಹಿಡಿದ ಕಾಲನ್ನೇ ಮಂಚದಿಂದ ಒಂದು ಗೇಣು ಎತ್ತಿದ್ರೆ ನಡುವೆ ಉದ್ದಕ್ಕೆ ರೆಕ್ಟಸ್ ಎದ್ದು ಬರುತ್ತೆ.

ಎರಡು ಕೀಲು ದಾಟೋ ಸ್ನಾಯುಗಳ ಆಟ ತೋರಿಸು ಅಂದ್ರೆ ಹಿಂಗೆ ಮಾಡ್ರಿ. ಬೋರಲು ಮಲಗಿ ಹಿಮ್ಮಡಿ ಕುಂಡಿಗೆ ಮುಟ್ಟಿಸೋಕೆ ನೋಡ್ರಿ. ಸ್ವಂತ ಬಲದಲ್ಲಿ ಸುಮಾರು 120 ಡಿಗ್ರಿಗೆ ನಿಂತುಬಿಡುತ್ತೆ, ಹ್ಯಾಮ್‌ಸ್ಟ್ರಿಂಗ್ ಆಗಲೇ ಪೂರ್ತಿ ಮುದುಡಿರುತ್ತೆ, ಜಗ್ಗೋಕೆ ಉಳಿದಿರೋದಿಲ್ಲ. ಜಾಸ್ತಿ ಬಲ ಹಾಕಿದ್ರೆ ಸೆಳೆತ ಹಿಡಿದು ಕಿರುಚಬೇಕಾಗುತ್ತೆ. ಅದೇ ಅಂಗಾತ ಮಲಗಿ ತೊಡೆ ಎದೆಗೆ ತಂದ್ರೆ 140ರವರೆಗೆ ಮಡಚಬಹುದು. ಕೈಯಲ್ಲಿ ಹಿಡಿದು ಎಳೆದ್ರೆ 160, ಹಿಮ್ಮಡಿ ಕುಂಡಿಗೆ ಬಂತು. ಬೋರಲು ಮಲಗಿದವರ ಕಾಲನ್ನ ಬೇರೆಯವರು ಮಡಚುವಾಗ ಸೊಂಟ ಮಂಚ ಬಿಟ್ಟು ಎದ್ರೆ ರೆಕ್ಟಸ್ ಬಿಗಿಯಾಗೈತಿ ಅಂತ ಅರ್ಥ.


ಟೇಬಲ್_ನಂಬರ್_4:

ದಿಂಬಿನ ಉಪಾಯ ಚೆನ್ನಾಗಿದೆ. ಇನ್ನೊಂದು ಮಾತು: ಸಾರ್ಟೋರಿಯಸ್, ಗ್ರಾಸಿಲಿಸ್, ಸೆಮಿಟೆಂಡಿನೋಸಸ್ ಮೂರೂ ಟಿಬಿಯಾದ ಒಳಮುಖದಲ್ಲಿ ಒಂದೇ ಕಡೆ ಬಂದು ಸೇರುತ್ತವೆ, ಬಾತುಕೋಳಿ ಪಾದದ ಹಾಗೆ. ಮೂರು ಬೇರೆ ಬೇರೆ ಕೋಣೆಯಿಂದ ಬಂದವು, ನರಗಳೂ ಮೂರು: ಫಿಮೋರಲ್, ಆಬ್ಟುರೇಟರ್, ಸಯಾಟಿಕ್‌ನ ಟಿಬಿಯಲ್ ಭಾಗ. ಮುಂದಿನಿಂದ ಹಿಂದಕ್ಕೆ ಸಾ-ಗ್ರಾ-ಸೆ ಅಂತ ನೆನಪಿಟ್ಟರೆ ಸಾಕು. ಪೆಂಡಾಲಿನ ಕಂಬಕ್ಕೆ ಮೂರು ದಿಕ್ಕಿನಿಂದ ಹಗ್ಗ ಕಟ್ಟಿ ಒಂದೇ ಗೂಟಕ್ಕೆ ಬಿಗಿದ ಹಾಗೆ ಸೊಂಟದೆಲುಬಿನ ಮೂರು ಮೂಲೆ ಇಲ್ಲಿ ಕೂಡುತ್ತವೆ. ಅಡಿಯಲ್ಲಿ ಒಂದು ಬರ್ಸಾ, ಅಂದರೆ ಉಜ್ಜಾಟ ತಪ್ಪಿಸುವ ದ್ರವದ ಚೀಲ. ಅದು ಊದಿದರೆ ನೋವು ಕೀಲಿನ ಗೆರೆಯಲ್ಲಿರುವುದಿಲ್ಲ, ಅದಕ್ಕಿಂತ ಮೂರ್ನಾಲ್ಕು ಬೆರಳು ಕೆಳಗೆ ಒಳಪಕ್ಕದಲ್ಲಿರುತ್ತದೆ. ಎಲ್ಲ ಮಂಡಿನೋವನ್ನೂ ‘ಸವೆತ’ ಅನ್ನುವವರು ಬೆರಳಿಟ್ಟು ಜಾಗ ನೋಡುವುದೇ ಇಲ್ಲ.


ಮೂಳೆಮೇಷ್ಟ್ರು:

ಹ್ಯಾಮ್‌ಸ್ಟ್ರಿಂಗ್ ಲೆಕ್ಕ ಯಾರೂ ಮುಟ್ಟಲಿಲ್ಲ, ಅದನ್ನು ಮುಗಿಸೋಣ ತಮ್ಮಾ. ನಾಲ್ಕು ಷರತ್ತುಗಳಿವೆ. ಕೂರುವ ಎಲುಬಿನ ಗುಬುಟು, ಅಂದರೆ ಇಶಿಯಲ್ ಟ್ಯುಬೆರಾಸಿಟಿಯಲ್ಲಿ ಹುಟ್ಟಬೇಕು. ಮಂಡಿ ದಾಟಿ ಕೆಳಗಿನ ಎಲುಬಿಗೆ ಸೇರಬೇಕು. ಸಯಾಟಿಕ್‌ನ ಟಿಬಿಯಲ್ ಭಾಗದಿಂದ ನರ ಬರಬೇಕು. ಸೊಂಟ ಹಿಂದಕ್ಕೆ ಚಾಚಿ ಮಂಡಿ ಮಡಚಬೇಕು. ನಾಲ್ಕರಲ್ಲೂ ಪಾಸಾಗುವುದು ಸೆಮಿಟೆಂಡಿನೋಸಸ್, ಸೆಮಿಮೆಂಬ್ರನೋಸಸ್, ಬೈಸೆಪ್ಸ್‌ನ ಉದ್ದ ತಲೆ. ಗಿಡ್ಡ ತಲೆ ಫೀಮರ್‌ನ ಹಿಂಗೆರೆಯಲ್ಲಿ ಹುಟ್ಟುತ್ತದೆ, ನರ ಕಾಮನ್ ಫಿಬ್ಯುಲಾರ್, ಸೊಂಟ ದಾಟುವುದೇ ಇಲ್ಲ. ಫೇಲ್. ಅಡಕ್ಟರ್ ಮ್ಯಾಗ್ನಸ್‌ನ ಹಿಂಭಾಗಕ್ಕೆ ಹುಟ್ಟೂ ನರವೂ ಸರಿಯಿದೆ, ಆದರೆ ಫೀಮರ್‌ನ ಅಡಕ್ಟರ್ ಟ್ಯುಬರ್ಕಲ್‌ನಲ್ಲೇ ನಿಂತುಬಿಡುತ್ತದೆ, ಮಂಡಿಗೆ ಕೈ ಹಾಕುವುದಿಲ್ಲ. ಅದೂ ಪೂರ್ತಿ ಪಾಸಲ್ಲ. ವೈವಾದಲ್ಲಿ ‘ಮೂರು’ ಎಂದು ಹೇಳಿ, ಗಿಡ್ಡ ತಲೆ ಯಾಕೆ ಹೊರಗೆ ಎಂಬ ಕಾರಣ ಕೊಡು.

ಇನ್ನು ಬೀಗದ ವಿಷಯ. ಫೀಮರ್‌ನ ಎರಡು ಕಾಂಡೈಲುಗಳ (ಕೆಳತುದಿಯ ಗುಬುಟುಗಳ) ಕೀಲುಮುಖ ಸಮಾನ ಉದ್ದವಲ್ಲ. ಹೊರಗಿನದು ಮುಂದಿಂದ ಹಿಂದಕ್ಕೆ ಗಿಡ್ಡ, ಒಳಗಿನದು ಉದ್ದ. ಕಾಲು ನೀಟಾಗುತ್ತಾ ಕೊನೆಯ 30 ಡಿಗ್ರಿಗೆ ಬರುವಾಗ ಹೊರಗಿನ ದಾರಿ ಮೊದಲು ಮುಗಿಯುತ್ತದೆ, ಒಳಗಿನದಕ್ಕೆ ಇನ್ನೂ ಹಾದಿ ಉಳಿದಿರುತ್ತದೆ. ಎತ್ತಿನ ಗಾಡಿಯ ಒಂದು ಗಾಲಿ ನಿಂತು ಇನ್ನೊಂದು ಉರುಳಿದರೆ ಗಾಡಿ ತಿರುಗುತ್ತದಲ್ಲ, ಇಲ್ಲೂ ತಿರುಗುತ್ತದೆ. ಮುಂದಿನ ಅಡ್ಡಕಟ್ಟು, ಅಂದರೆ ಎಲುಬಿಗೆ ಎಲುಬು ಕಟ್ಟುವ ಲಿಗಮೆಂಟ್ ಎಸಿಎಲ್, ಬಿಗಿಯುವುದೂ ಇದಕ್ಕೆ ಸೇರುತ್ತದೆ. ಕೊನೆಗೆ ಕಟ್ಟುಗಳೆಲ್ಲ ಬಿಗಿದು, ಕೀಲುಮುಖಗಳು ಒಂದಕ್ಕೊಂದು ಒತ್ತಿ ಕೂತು ಅಗಳಿ ಹಾಕಿದ ಹಾಗಾಗುತ್ತದೆ.

ಈಗ ನಿನ್ನ ಪ್ರಶ್ನೆ. ಯಾವ ಎಲುಬು ಕದಲದೆ ನಿಂತಿದೆ ಎಂದು ಮೊದಲು ಕೇಳು. ಪಾದ ನೆಲದ ಮೇಲಿದ್ದರೆ ಟಿಬಿಯಾ ಸ್ಥಿರ. ಆಗ ಬೀಗ ಬೀಳುವಾಗ ಫೀಮರ್ ಒಳಕ್ಕೆ, ತೆಗೆಯುವಾಗ ಫೀಮರ್ ಹೊರಕ್ಕೆ ತಿರುಗುತ್ತದೆ. ಕುರ್ಚಿಯಲ್ಲಿ ಕೂತು ಕಾಲು ಇಳಿಬಿಟ್ಟಿದ್ದರೆ ಫೀಮರ್ ಸ್ಥಿರ. ಬೀಗ ಬೀಳುವಾಗ ಟಿಬಿಯಾ ಹೊರಕ್ಕೆ, ತೆಗೆಯುವಾಗ ಟಿಬಿಯಾ ಒಳಕ್ಕೆ. ನಡೆಯುವುದು ಒಂದೇ ಚಲನೆ, ಹೇಳುವ ರೀತಿ ಎರಡು. ಎರಡೂ ಪುಸ್ತಕ ಸರಿ.

ಬೀಗ ಹಾಕುವುದು ಕ್ವಾಡ್ರಿಸೆಪ್ಸ್, ತೆಗೆಯುವುದು ಪೊಪ್ಲೀಟಿಯಸ್. ಫೀಮರ್‌ನ ಹೊರಕಾಂಡೈಲ್‌ನ ಪಕ್ಕದ ತೋಡಿನಿಂದ ಓರೆಯಾಗಿ ಒಳಕೆಳಕ್ಕೆ ಇಳಿದು, ಟಿಬಿಯಾದ ಹಿಂಬದಿಯಲ್ಲಿ ಸೋಲಿಯಲ್ ಗೆರೆಯ ಮೇಲಿನ ತ್ರಿಕೋನ ಜಾಗದಲ್ಲಿ ಹರಡುತ್ತದೆ. ಆ ಓರೆಯನ್ನು ಕಾಗದದ ಮೇಲೆ ಒಮ್ಮೆ ಗೀಚು, ಯಾವ ಕಡೆ ಎಳೆದರೆ ಯಾವ ಎಲುಬು ಎತ್ತ ತಿರುಗುತ್ತದೆ ಎಂದು ತಾನಾಗಿ ಕಾಣುತ್ತದೆ. ರಜ್ಜು ಕೀಲಿನ ಕವಚದ ಒಳಗೇ ಇದ್ದು, ಹೊರ ಮೆನಿಸ್ಕಸ್ (ಎರಡು ಎಲುಬಿನ ನಡುವಿನ ಮೆತ್ತೆ) ಮತ್ತು ಹೊರಪಕ್ಕದ ಕಟ್ಟಿನ ನಡುವೆ ನುಸುಳುತ್ತದೆ. ಅದರ ಕೆಲ ಎಳೆಗಳು ಹೊರ ಮೆನಿಸ್ಕಸ್ಸನ್ನೂ ಹಿಡಿದಿವೆ. ಮಂಡಿ ಮಡಚುವಾಗ ಮೆನಿಸ್ಕಸ್ ಹಿಂದಕ್ಕೆ ಸರಿದು, ಎರಡು ಎಲುಬಿನ ನಡುವೆ ಸಿಕ್ಕಿಕೊಳ್ಳುವುದು ತಪ್ಪುತ್ತದೆ. ಒಳ ಮೆನಿಸ್ಕಸ್ಸಿಗೆ ಇಷ್ಟು ಸಡಿಲ ಇಲ್ಲ, ಅದು ಒಳಪಕ್ಕದ ಕಟ್ಟಿಗೆ ಅಂಟಿಕೊಂಡಿದೆ. ಹೆಚ್ಚು ಹರಿಯುವುದೂ ಅದೇ.

ಎರಡು ಪ್ರಯೋಗ ಮಾಡಿ ನೋಡು. ಒಂದು: ಕೂತು ಮಂಡಿ 90 ಡಿಗ್ರಿ ಮಡಚಿ, ಚಿಪ್ಪಿನ ನಡುವಿಗೂ ಟಿಬಿಯಾದ ಮುಂಗುಬುಟಿಗೂ ಬಾಲ್‌ಪೆನ್ನಲ್ಲಿ ಚುಕ್ಕೆ ಇಡು. ಕೆಳಗಿನ ಚುಕ್ಕೆ ಚಿಪ್ಪಿನ ನಡುವಿನಿಂದ ಒಳಕ್ಕಿರುತ್ತದೆ. ಕಾಲನ್ನು ನಿಧಾನ ನೀಟಾಗಿಸು, ಕೊನೆಗೆ ಕೆಳಚುಕ್ಕೆ ಹೊರಕ್ಕೆ ಸರಿಯುವುದು ಕಣ್ಣಿಗೇ ಕಾಣುತ್ತದೆ. ಮೆನಿಸ್ಕಸ್ ಹರಿದು ಸಿಕ್ಕಿಕೊಂಡ ಮಂಡಿಯಲ್ಲಿ ಈ ಸರಿತ ಇರುವುದಿಲ್ಲ. ಎರಡು: ಎರಡೂ ಕಾಲ ಮೇಲೆ ಆರಾಮಾಗಿ ನೆಟ್ಟಗೆ ನಿಂತು ಯಾರಿಂದಲಾದರೂ ಚಿಪ್ಪನ್ನು ಎರಡು ಬೆರಳಲ್ಲಿ ಅಲ್ಲಾಡಿಸು. ಸಲೀಸಾಗಿ ಅಲ್ಲಾಡುತ್ತದೆ, ಯಾಕೆಂದರೆ ಬೀಗ ಬಿದ್ದ ಮೇಲೆ ಕ್ವಾಡ್ರಿಸೆಪ್ಸ್ ಕೆಲಸ ಬಿಟ್ಟು ಕೂತಿರುತ್ತದೆ. ಮಂಡಿಯನ್ನು ಒಂದಿಷ್ಟು ಬಾಗಿಸು, ಚಿಪ್ಪು ತಕ್ಷಣ ಬಿಗಿಯುತ್ತದೆ.


ಚುರುಮುರಿ_ಎಂಎಸ್‌ಕೆ:

ಎಲ್ಲ ಚೆನ್ನಾಗಿದೆ. ಒಂದು ಸೇರಿಸಬೇಕು: ಕೊನೆಯ 15 ಡಿಗ್ರಿ ನೀಟಾಗಿಸುವುದು ವಾಸ್ಟಸ್ ಮೀಡಿಯಾಲಿಸ್‌ನ ಕೆಳಎಳೆಗಳು ಮಾತ್ರ. ಮಂಡಿ ಆಪರೇಷನ್ ಆದವರಿಗೆ ಕೊನೆಗೆ ಕಾಲು ಪೂರ್ತಿ ನೀಟಾಗದೆ ಜೋಲುತ್ತದಲ್ಲ, ಅದಕ್ಕೆ ಇದೇ ಕಾರಣ.


ಮೂಳೆಮೇಷ್ಟ್ರು:

ಇದು ಬಹಳ ಕಾಲ ಓಡಿದ ನಂಬಿಕೆ, ಸರಿಯಲ್ಲ. ಶವದ ಕಾಲಿನಲ್ಲಿ ಒಂದೊಂದೇ ಭಾಗವನ್ನು ಎಳೆದು 1968ರಲ್ಲೇ ನೋಡಿದ್ದಾರೆ. ಮೀಡಿಯಾಲಿಸ್‌ನ ಓರೆ ಎಳೆಗಳನ್ನು ಮಾತ್ರ ಎಳೆದರೆ ಕಾಲು ನೀಟಾಗುವುದೇ ಇಲ್ಲ. ಅವು ಚಿಪ್ಪಿನ ಒಳ ಅಂಚಿಗೆ ಅಡ್ಡಡ್ಡ ಸೇರುತ್ತವೆ, ಅವುಗಳ ಕೆಲಸ ಚಿಪ್ಪನ್ನು ಹೊರಕ್ಕೆ ಜಾರದಂತೆ ಹಿಡಿಯುವುದು. ಕ್ವಾಡ್ರಿಸೆಪ್ಸ್ ಎಳೆಯುವ ದಿಕ್ಕು ಓರೆ, ಚಿಪ್ಪಿಗೆ ಹೊರಕ್ಕೆ ಹಾರುವ ಚಾಳಿ. ಅದನ್ನು ತಡೆಯುವುದು ಮೂವರು: ಮುಂದಕ್ಕೆ ಚಾಚಿದ ಹೊರಕಾಂಡೈಲಿನ ದಿಬ್ಬ, ಒಳಪಕ್ಕದ ಕಟ್ಟು, ಈ ಎಳೆಗಳು. ಕೊನೆಯ 15 ಡಿಗ್ರಿಗೆ ಇಡೀ ಕ್ವಾಡ್ರಿಸೆಪ್ಸ್ ಸುಮಾರು 60 ಶೇಕಡ ಹೆಚ್ಚು ಬಲ ಹಾಕಬೇಕಾಗುತ್ತದೆ. ಸ್ನಾಯು ಸೊರಗಿದಾಗ ಮೊದಲು ಸೋಲುವುದು ಅಲ್ಲಿ. ಮೀಡಿಯಾಲಿಸ್ ಮೇಲಿನ ಪೊರೆ ತೆಳ್ಳಗಿರುವುದರಿಂದ ಸೊರಗಿದ್ದು ಅಲ್ಲೇ ಮೊದಲು ಕಣ್ಣಿಗೆ ಬೀಳುತ್ತದೆ, ಅಪವಾದವೂ ಅದರ ತಲೆಗೇ ಬರುತ್ತದೆ.


ಗರಡಿ_ಫಿಸಿಯೋ (ದಾವಣಗೆರೆ):

ಮೇಷ್ಟ್ರು ಹೇಳಿದ್ದಕ್ಕೆ ಒಂದು ಬಾಲ. ಮಂಡಿಯೊಳಗೆ ನೀರು ತುಂಬಿದ್ರೆ ಕ್ವಾಡ್ರಿಸೆಪ್ಸ್‌ಗೆ ನರದಿಂದಲೇ ತಡೆ ಬೀಳುತ್ತೆ, ಊತ ಕಣ್ಣಿಗೆ ಸರಿಯಾಗಿ ಕಾಣೋಕೆ ಮುಂಚೆನೇ. ಊತ ಇಳಿಸದೆ ಬರೀ ವ್ಯಾಯಾಮ ಮಾಡಿಸಿದ್ರೆ ಸ್ನಾಯು ಏಳಲ್ಲ. ಎರಡು ತೊಡೆ ಸುತ್ತಳತೆ ಹೋಲಿಸುವಾಗ ಚಿಪ್ಪಿನ ಮೇಲಂಚಿನಿಂದ 15 ಸೆಂಟಿಮೀಟರ್ ಟೇಪಲ್ಲಿ ಅಳೆದು ಗುರುತು ಹಾಕಿ ಎರಡೂ ಕಡೆ ಅಲ್ಲೇ ಅಳೀರಿ. ಅಂದಾಜಿಗೆ ಟೇಪ್ ಸುತ್ತಿದ್ರೆ ಒಂದು ಬೆರಳು ಮೇಲೆ ಕೆಳಗೆ ಆದ್ರೂ ಲೆಕ್ಕ ಹಾಳು.


ಕಲ್ಲಿನಕೋಟೆ_ಟ್ರೆಕ್ (ಚಿತ್ರದುರ್ಗ):

ಕೋಟೆ ಪ್ರಶ್ನೆ ನಮ್ಮೂರಿನದು, ನಾನು ತಗೋತೀನಿ. ನಡುಗೋದು ಕ್ವಾಡ್ರಿಸೆಪ್ಸ್. ಹತ್ತುವಾಗ ಅದು ಗಿಡ್ಡ ಆಗ್ತಾ ಮೈಯನ್ನ ಮೇಲಕ್ಕೆ ಎತ್ತುತ್ತೆ, ಜೊತೆಗೆ ಗ್ಲೂಟಿಯಸ್ ಮ್ಯಾಕ್ಸಿಮಸ್ ಇರುತ್ತೆ. ಇಳಿಯುವಾಗ ಮೇಲಿನ ಮೆಟ್ಟಿಲಲ್ಲಿ ಉಳಿದ ಕಾಲು ಇಡೀ ಮೈಯನ್ನ ಹಿಡಿದು ಮೆಲ್ಲಗೆ ಕೆಳಗಿಳಿಸಬೇಕು. ಬಾವಿ ಹಗ್ಗದಲ್ಲಿ ತುಂಬಿದ ಕೊಡ ಬಿಡುವ ಹಾಗೆ, ಸ್ನಾಯು ಬಿಗಿಯಾಗಿದ್ದುಕೊಂಡೇ ಉದ್ದ ಆಗ್ತಾ ಹೋಗುತ್ತೆ. ದಮ್ಮು ಕಟ್ಟೋದಿಲ್ಲ, ಅದಕ್ಕೇ ಸುಲಭ ಅನ್ಸುತ್ತೆ. ಆದರೆ ಪ್ರತಿ ಎಳೆಯ ಮೇಲೂ ಬೀಳೋ ಎಳೆತ ಜಾಸ್ತಿ, ಅಭ್ಯಾಸ ಇಲ್ಲದವರ ಎಳೆಗಳಲ್ಲಿ ಸೂಕ್ಷ್ಮ ಹರಿತ ಆಗುತ್ತೆ. ನೋವು ಅವತ್ತೇ ಬರಲ್ಲ, 24ರಿಂದ 72 ಗಂಟೆಯೊಳಗೆ ಜೋರಾಗುತ್ತೆ.

ದುರ್ಗದಲ್ಲಿ ಕಷ್ಟ ಏನಂದ್ರೆ ಬಂಡೆಯಲ್ಲಿ ಕೊರೆದ ಮೆಟ್ಟಿಲು ಒಂದೇ ಎತ್ತರ ಇಲ್ಲ. ತುಪ್ಪದ ಕೊಳದ ಬತೇರಿಯಿಂದ ಇಳಿಯುವಾಗ ಕೆಲವು ಕಡೆ ಬರೀ ಕಾಲೂರುವಷ್ಟು ಗುಳಿ. ಪಕ್ಕಕ್ಕೆ ತಿರುಗಿ ಇಳೀರಿ, ಹೆಜ್ಜೆ ಚಿಕ್ಕದಿರಲಿ, ಮಂಡಿ ಬೀಗ ಹಾಕಿ ಕಾಲು ಕುಕ್ಕಬೇಡಿ. ಭಯಕ್ಕೆ ಮೈ ಹಿಂದಕ್ಕೆ ವಾಲಿಸ್ತಾರೆ, ಅದೇ ತಪ್ಪು. ಹಿಂದಕ್ಕೆ ವಾಲಿದಷ್ಟೂ ಭಾರದ ಗೆರೆ ಮಂಡಿಯಿಂದ ಹಿಂದಕ್ಕೆ ದೂರ ಹೋಗಿ ಕ್ವಾಡ್ರಿಸೆಪ್ಸ್ ಮೇಲೆ ಹೊರೆ ಏರುತ್ತೆ. ಸೊಂಟದಿಂದ ಚೂರು ಮುಂದಕ್ಕೆ ಬಾಗಿದ್ರೆ ಒಂದಷ್ಟು ಹೊರೆ ಕುಂಡಿಯ ಸ್ನಾಯು ಹೊರುತ್ತೆ.

ಅಭ್ಯಾಸಕ್ಕೆ 15ರಿಂದ 20 ಸೆಂಟಿಮೀಟರ್ ಎತ್ತರದ ಒಂದು ಮೆಟ್ಟಿಲು ಸಾಕು. ಒಂದು ಕಾಲ ಮೇಲೆ ನಿಂತು ಇನ್ನೊಂದರ ಹಿಮ್ಮಡಿ ನೆಲ ಮುಟ್ಟುವವರೆಗೆ ಮೂರು ಎಣಿಸ್ತಾ ಇಳೀರಿ, ಮಂಡಿ ಒಳಕ್ಕೆ ಸೊಟ್ಟಗಾಗಬಾರದು. ಒಂದು ಸುತ್ತಿಗೆ 8ರಿಂದ 10, ಮೂರು ಸುತ್ತು, ವಾರಕ್ಕೆ ಎರಡು ಮೂರು ದಿನ. ಇಳಿಜಾರಿನಲ್ಲಿ ತುಂಬ ಹೊತ್ತು ನಡೆದವರಿಗೆ ಮಂಡಿಯ ಹೊರಹಿಂಭಾಗದಲ್ಲಿ ನೋವು ಬಂದ್ರೆ ಮೇಷ್ಟ್ರ ಪೊಪ್ಲೀಟಿಯಸ್ಸನ್ನೂ ನೆನಪಿಸಿಕೊಳ್ಳಿ. ಇಳಿಯುವಾಗ ಫೀಮರ್ ಮುಂದಕ್ಕೆ ಜಾರದ ಹಾಗೆ ಹಿಡಿಯೋದರಲ್ಲಿ ಅದಕ್ಕೂ ಪಾಲಿದೆ.


ಗರಡಿ_ಫಿಸಿಯೋ (ದಾವಣಗೆರೆ):

ಇಳಿಯೋ ಮಾತು ಬಂತು ಅಂತ ಬಸ್ಕಿ ಬಗ್ಗೆ ಒಂದು ಮಾತು. ದುಗ್ಗಮ್ಮನ ಜಾತ್ರೆ ಕುಸ್ತಿ ನೋಡಿ ಹುರುಪು ಬಂದು ಹೊಸ ಹುಡುಗರು ಮೊದಲ ದಿನವೇ ಮುನ್ನೂರು ನಾನ್ನೂರು ಬಸ್ಕಿ ಹೊಡೀತಾರೆ. ಪೈಲ್ವಾನರು ವರ್ಷಗಟ್ಟಲೆ ಏರಿಸಿಕೊಂಡು ಬಂದ ಲೆಕ್ಕ ಅದು. ಒಮ್ಮೆಗೇ ಮಾಡಿದ್ರೆ ತೊಡೆಯ ಎಳೆಗಳು ಒಡೆದು ಅದರೊಳಗಿನ ಮಯೋಗ್ಲೋಬಿನ್ ಅನ್ನೋ ಪ್ರೋಟೀನ್ ರಕ್ತಕ್ಕೆ ಬರುತ್ತೆ, ಕಿಡ್ನಿಗೆ ಪೆಟ್ಟು. ತೊಡೆ ಊದಿ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಬಂದ್ರೆ ಎಣ್ಣೆ ತಿಕ್ಕೊಂಡು ಕೂರಬೇಡ್ರಿ, ಅದೇ ದಿನ ಆಸ್ಪತ್ರೆ.

ವೈವಾಕ್ಕೂ ಬಸ್ಕಿ ಉಪಯೋಗ ಐತಿ. ಬಸ್ಕಿಯಿಂದ ಏಳುವಾಗ ಮುಂದಿನ ಕ್ವಾಡ್ರಿಸೆಪ್ಸ್, ಹಿಂದಿನ ಹ್ಯಾಮ್‌ಸ್ಟ್ರಿಂಗ್ ಎರಡೂ ಒಟ್ಟಿಗೆ ಕೆಲಸ ಮಾಡ್ತಾವೆ. ಒಂದು ಮಂಡಿ ಬಿಚ್ಚೋದು, ಇನ್ನೊಂದು ಮಡಚೋದು, ಹೊಡೆದಾಟ ಆಗಬೇಕಲ್ಲ? ಹ್ಯಾಮ್‌ಸ್ಟ್ರಿಂಗ್‌ಗೆ ಸೊಂಟದ ಹತ್ತಿರ ಹಿಡಿ ಉದ್ದ, ಮಂಡಿ ಹತ್ತಿರ ಗಿಡ್ಡ. ರೆಕ್ಟಸ್‌ಗೆ ಉಲ್ಟಾ. ಹಂಗಾಗಿ ಲೆಕ್ಕ ಸೊಂಟ, ಮಂಡಿ ಎರಡೂ ಬಿಚ್ಚೋ ಕಡೆಗೇ ವಾಲುತ್ತೆ. ಲೊಂಬಾರ್ಡ್ ವಿರೋಧಾಭಾಸ ಅಂತ ಕೇಳಿದ್ರೆ ಇದೇ. ಸೋಲಿಯಸ್ ಕೂಡ ಹಂಗೇ. ಮಂಡಿ ದಾಟಲ್ಲ ಅನ್ನೋದು ನಿಜ, ಆದ್ರೆ ಪಾದ ಊರಿದ್ದಾಗ ಟಿಬಿಯಾನ ಹಿಂದಕ್ಕೆ ಎಳೆದು ಮಂಡಿ ನೀಟಾಗಿಡೋಕೆ ನೆರವಾಗುತ್ತೆ. ಪೋಲಿಯೋದಿಂದ ಕ್ವಾಡ್ರಿಸೆಪ್ಸ್ ಹೋದವರು ತೊಡೆ ಮೇಲೆ ಕೈ ಒತ್ತಿ ಹಿಂದಕ್ಕೆ ತಳ್ಳಿಕೊಂಡು ನಡೀತಾರಲ್ಲ, ಆ ಕೈ ಮಾಡೋದೂ ಮಂಡಿಗೆ ಬೀಗ ಹಾಕೋ ಕೆಲಸನೇ.


ಲಸಿಕೆ_ಸಿಸ್ಟರ್:

ಅನಾಟಮಿಯವರು ಮರೆತದ್ದು: 6, 10, 14 ವಾರದ ಮಗುವಿಗೆ ಪೆಂಟಾ (ಐದು ರೋಗ ತಡೆಯುವ ಲಸಿಕೆ) ಕೊಡುವುದು ವಾಸ್ಟಸ್ ಲ್ಯಾಟರಾಲಿಸ್‌ಗೇ, ಎಡತೊಡೆಯ ಮುಂಹೊರಗಿನ ನಡುಭಾಗದಲ್ಲಿ. ಆ ವಯಸ್ಸಿಗೆ ಕುಂಡಿಯಲ್ಲಿ ಮಾಂಸ ಕಡಿಮೆ, ಸಯಾಟಿಕ್ ನರ ಹತ್ತಿರ. ಲ್ಯಾಟರಾಲಿಸ್ ದಪ್ಪಗಿದೆ, ಅಲ್ಲಿ ದೊಡ್ಡ ನರ, ರಕ್ತನಾಳ ಇಲ್ಲ. ತೊಡೆಯ ಒಳಪಕ್ಕಕ್ಕೆ ಸೂಜಿ ಹೋಗಬಾರದು, ಫಿಮೋರಲ್ ರಕ್ತನಾಳ ಅಲ್ಲಿ ಸಾರ್ಟೋರಿಯಸ್ ಅಡಿಯಲ್ಲಿ ಓಡುತ್ತದೆ.


ಬೆಣ್ಣೆದೋಸೆ_ಬಿಪಿಟಿ (ದಾವಣಗೆರೆ):

ಮೇಷ್ಟ್ರೇ, ಚುಕ್ಕೆ ಇಟ್ಟು ನೋಡಿದೆ, ಸರಿಯುತ್ತೆ! ಹಗ್ಗಗಳೂ ಸಿಕ್ಕವು, ದಿಂಬು ಹಿಸುಕಿದಾಗ ಗ್ರಾಸಿಲಿಸ್ ಬೇರೆ ಆಯ್ತು. ಎಲ್ಲರಿಗೂ ಥ್ಯಾಂಕ್ಸ್. ಕೊನೆಗೊಂದು: ಡಿಸೆಕ್ಷನ್‌ನಲ್ಲಿ ಮೀನಖಂಡ ಎತ್ತಿದಾಗ ಗ್ಯಾಸ್ಟ್ರೋಕ್ನೀಮಿಯಸ್ ಮತ್ತು ಸೋಲಿಯಸ್ ನಡುವೆ ತೆಳ್ಳಗೆ ಬಿಳಿ ದಾರದಂಥದ್ದು ಸಿಗುತ್ತಲ್ಲ, ಅದು ನರವಾ, ಪ್ಲಾಂಟಾರಿಸ್ ರಜ್ಜುವಾ?


ಟೇಬಲ್_ನಂಬರ್_4:

ಎಲ್ಲ ಬ್ಯಾಚಿನವರೂ ಅದನ್ನು ನರ ಅಂತಲೇ ಗುರುತು ಹಾಕುತ್ತಾರೆ. ಚಿಮಟದಲ್ಲಿ ಹಿಡಿದು ಮೇಲಕ್ಕೆ ಹಿಂಬಾಲಿಸಿ. ಗ್ಯಾಸ್ಟ್ರೋಕ್ನೀಮಿಯಸ್‌ನ ಹೊರತಲೆಯ ಹತ್ತಿರ ಬೆರಳುದ್ದದ ಪುಟ್ಟ ಮಾಂಸದ ಹೊಟ್ಟೆಗೆ ಹೋಗಿ ಸೇರಿದರೆ ಪ್ಲಾಂಟಾರಿಸ್. ಕೆಳಕ್ಕೆ ಹೋದರೆ ಅದು ಒಳಕ್ಕೆ ಓರೆಯಾಗಿ ಸರಿದು ಹಿಮ್ಮಡಿ ರಜ್ಜುವಿನ ಒಳ ಅಂಚಿಗೆ ಅಂಟುತ್ತದೆ, ದಾರಿಯಲ್ಲಿ ಒಂದೂ ಕವಲು ಬಿಡುವುದಿಲ್ಲ. ರಜ್ಜು ಚಪ್ಪಟೆ, ಹೊಳಪು. ಟಿಬಿಯಲ್ ನರ ದುಂಡಗಿದ್ದು ಸೋಲಿಯಸ್‌ನ ಅಡಿಗೆ ಇಳಿಯುತ್ತದೆ, ಸ್ನಾಯುಗಳಿಗೆ ಕವಲು ಕೊಡುತ್ತಾ ಹೋಗುತ್ತದೆ. ಹುಡುಕಿಯೂ ಪ್ಲಾಂಟಾರಿಸ್ ಸಿಗಲಿಲ್ಲವೆಂದರೆ ಗಾಬರಿ ಬೇಡ, ಕೆಲವರ ಕಾಲಿನಲ್ಲಿ ಅದು ಇರುವುದೇ ಇಲ್ಲ. ಆದರೆ ‘ಇಲ್ಲ’ ಅನ್ನುವ ಮೊದಲು ಗ್ಯಾಸ್ಟ್ರೋಕ್ನೀಮಿಯಸ್ ಎತ್ತುವಾಗ ಅದರ ಜೊತೆಗೇ ಕತ್ತರಿಸಿ ಹೋಗಿದೆಯಾ ಅಂತ ಹೊರತಲೆಯ ಅಡಿಭಾಗ ತಿರುಗಿಸಿ ನೋಡಿ.